ಹನ್ನೊಂದು ಡೇ ಲಿಲಿಗೆ ಹನ್ನೊಂದು ದಾರ

ಗೆಳೆಯರೇ, ಇವತ್ತು ಗುತ್ತೂರಿನ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಹರಿಹರದ ಮನೆಗೆ ಬಂದರೆ, ಒಂದೇ ದಿನ ಬಾಳುವ ನನ್ನ ಹನ್ನೊಂದೂ ಹಳದಿ ಡೇ ಲಿಲಿ ಹೂಗಳ ತೊಟ್ಟುಗಳಿಗೆ ಕೆಂಪು ದಾರ. ನಾನು ಕಟ್ಟಿದ್ದು ಒಂದಕ್ಕೆ ಮಾತ್ರ. ಹಳದಿ ಹೂವೂ ಇನ್ನೊಂದು ಗಿಡದ ಕೆಂಪು ಹೂವೂ ಒಂದೇ ದಿನ ಅರಳಲೆಂದು ಮೂರು ವರ್ಷ ಕಾದಿದ್ದೆ. ಇಂದು ಬೆಳಿಗ್ಗೆ ಅರಳಿದವು. ಕೆಂಪು ಹೂವಿನ ಪರಾಗವನ್ನು ಒಂದು ಹಳದಿ ಹೂವಿಗೆ ಸವರಿ, ಹೊಸ ತಳಿಯ ಬೀಜ ಅದರಲ್ಲೇ ಎಂಬ ಗುರುತಿಗೆ ದಾರ ಕಟ್ಟಿ ಹೋಗಿದ್ದೆ.

ಪಕ್ಕದ ಮನೆಯ ಬಸಮ್ಮನವರು ಬೇಲಿಯ ಬಳಿ ಬಂದರು. "ಮುಂಜಾನೆ ನೀವು ಕಟ್ಟೋದು ನೋಡಿದೆ. ಓಣ್ಯಾಗಿನೋರೆಲ್ಲ ಬಂದು ಹರಕೆ ಕಟ್ಟಿದ್ವಿ."

"ಅದು ಹರಕೆ ಅಲ್ಲ, ಬಸಮ್ಮಾರೆ."

"ಮತ್ತೆ ಯಾಕ ಕಟ್ಟಿದ್ರಿ?"

"ಗಿಡ ಕಾಯಿ ಬಿಡ್ಲಿ ಅಂತ."

"ನಮ್ ಸೊಸಿಗೊಂದು ಕೂಸಾಗ್ಲಿ ಅಂತ ನಾನು ಕಟ್ಟೀನಿ. ಏನು ಫರಕೈತ್ರಿ?"

ಬಿಚ್ಚಲು ಕೈ ಹಾಕಿದೆ.

"ಬ್ಯಾಡ್ರಿ. ಯಾರ ಹರಕೆ ಬಿಚ್ತೀರಿ ಅಂತ ಗೊತ್ತೈತೇನು ನಿಮಗೆ?"

ನಾನು ಕಟ್ಟಿದ ದಾರ ಯಾವುದೆಂದೇ ಗೊತ್ತಾಗಲಿಲ್ಲ. ಕೈ ತೆಗೆದೆ.

ಈಗಷ್ಟೇ ಎದುರುಮನೆಯ ಹುಸೇನ್‌ಬಿಯವರು ಬಂದು, ದಾರ ಕಟ್ಟಲು ಯಾವ ವಾರ ಒಳ್ಳೆಯದೆಂದು ಕೇಳಿದರು. ಗುರುವಾರ ಎಂದೆ. ಅಷ್ಟರೊಳಗೆ, ಇನ್ನೊಂದು ಹೂವಿಗೆ ಪರಾಗ ಸವರಿ ಗುರುತು ಕಟ್ಟಲು, ನನಗೆ ಬೇರೆ ಬಣ್ಣದ ದಾರ ಸಿಗಬೇಕು.