ಹೆಬ್ಬೆಟ್ಟಿನ ನಂತರ

ಸಿಲಿಂಡರ್ ಮಾರುವ ಗ್ಯಾಸ್ ಲಾರಿಯ ಸಂಗೀತ ಮೊದಲು ಬುಸೈರಾ ಊರಿನ ಕೆಳಗಿನ ಕೇರಿಯಿಂದ ಕೇಳಿತು, ಆಮೇಲೆ ಮಸೀದಿಯ ತಿರುವಿನಿಂದ, ಕೊನೆಗೆ ಫಿದ್ದಾಳ ಮನೆಯ ಮುಂದಿನಿಂದಲೇ. ದಿನವೂ ಕೇಳುವ ತುಣುಕು, ನಡುವೆ ಎಡವುವ ಜಾಗವೂ ಅದೇ. ಇವತ್ತು ಮಾತ್ರ ಯಾರೋ ಬಾಗಿಲು ಬಡಿದಂತಾಗಿ ಅವಳ ಕೈಯ ಲೋಟದಿಂದ ಚಹಾ ತುಳುಕಿತು.

"ಮದುವೆ ದಿನಾನೂ ನೀನು ಇಷ್ಟು ಹೆದರಿರಲಿಲ್ಲ," ಎಂದ ಗಂಡ ಮಿಸ್ಲಿಹ್, ಗೋಡೆಗೊರಗಿ ಸೊಂಟ ನೀವಿಕೊಳ್ಳುತ್ತಾ.

"ಅವತ್ತು ನನ್ನನ್ನ ಪರೀಕ್ಷೆ ಮಾಡೋಕೆ ಬಂದೋರು ನಿಮ್ಮಮ್ಮ. ಅಮ್ಮಾನಿನ ಅಧಿಕಾರಿ ಅಲ್ಲ."

"ನಮ್ಮಮ್ಮನ್ನ ದಾಟಿದೋಳು ಮಂತ್ರೀನೂ ದಾಟ್ತೀಯ, ಬಿಡು."

ಅವಳು ನಗಲಿಲ್ಲ. ಬುಸೈರಾದಲ್ಲಿ ಅಂಚೆಯವನು ಮನೆ ಬಾಗಿಲಿಗೆ ಬರುವುದಿಲ್ಲ. ಊರಿನ ಕಾಗದಗಳೆಲ್ಲ ತಫೀಲಾ ಪಟ್ಟಣಕ್ಕೆ ಬಂದು, ಅಲ್ಲಿನ ಅಂಚೆ ಪೆಟ್ಟಿಗೆಗಳಲ್ಲಿ ಕೂತು ಕಾಯುತ್ತವೆ. ಹನ್ನೊಂದು ವರ್ಷದಿಂದ ಆ ಪೆಟ್ಟಿಗೆಗಳ ಕೀಲಿಗಳನ್ನು ಊರವರು ಫಿದ್ದಾಳ ಕೈಗೇ ಕೊಟ್ಟಿದ್ದರು. ವಾರಕ್ಕೆ ಮೂರು ಸಲ ತನ್ನ ಹಳೆಯ ಬಿಳಿ ಕಾರಿನಲ್ಲಿ ಹೋಗಿ ತಂದು, ಮನೆಮನೆಗೆ ಹಂಚುತ್ತಿದ್ದಳು. ಮಿಸ್ಲಿಹ್ ಸೊಂಟ ನೋವಿನಿಂದ ಗಣಿಯ ಕೆಲಸ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದುದು ಅದರಿಂದಲೇ. ಈಗ ಹೊಸ ಆದೇಶ ಬಂದಿತ್ತು: ಪರವಾನಗಿ ಇಲ್ಲದೆ ಕೂಲಿಗೆ ಕಾಗದ ಒಯ್ಯುವವರು ತಿಂಗಳ ಕೊನೆಗೆ ನಿಲ್ಲಿಸಬೇಕು. ಅವಳು ಅರ್ಜಿ ಹಾಕಿದಳು. ಮುಂದಿನ ಕೋಣೆಗೆ ಬೋರ್ಡು ಹಾಕಿಸಿದಳು, ತಕ್ಕಡಿ ತಂದಳು, ಬೀಗವಿರುವ ಕಪಾಟು ತಂದಳು.

ತಪಾಸಣೆಗೆ ರಾಜಧಾನಿ ಅಮ್ಮಾನಿನಿಂದ ಅಧಿಕಾರಿ ನಿದಾಲ್ ಹತ್ತಕ್ಕೆ ಸರಿಯಾಗಿ ಬಂದ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಕಪಾಟಿನ ಬೀಗ ಎಳೆದು ನೋಡಿದ, ತಕ್ಕಡಿಯ ಮೇಲೆ ತನ್ನ ಫೋನು ಇಟ್ಟು ನೋಡಿದ. ಎಲ್ಲಕ್ಕೂ ತಲೆಯಾಡಿಸಿ, ಅರ್ಜಿಯ ಎರಡನೆಯ ಹಾಳೆಯಲ್ಲಿ ನಿಂತುಬಿಟ್ಟ.

"ಅಕ್ಕಾ, 'ಒದಗಿಸುವ ಸೇವೆಗಳು' ಅನ್ನೋ ಕಡೆ ಇದೇನು ಬರೆದಿದ್ದೀರಿ? 'ತಲುಪಿಸುವುದು, ಓದಿ ಹೇಳುವುದು'?"

"ಹೌದು ಉಸ್ತಾದ್. ವಯಸ್ಸಾದೋರಿಗೆ ಓದೋಕೆ ಬರಲ್ಲ. ನಾನೇ ಒಡೆದು ಓದಿ ಹೇಳ್ತೀನಿ." ದನಿಯಲ್ಲಿ ಹೆಮ್ಮೆಯೇ ಇತ್ತು. "ಅದಕ್ಕೆ ದುಡ್ಡು ತಗೊಳಲ್ಲ."

ನಿದಾಲ್ ಪೆನ್ನಿನ ಮುಚ್ಚಳ ತೆಗೆದ. "ಬೇರೆಯವರ ಕಾಗದ ಒಡೆಯೋದು ಅಪರಾಧ ಅಕ್ಕಾ. ಒಳಗೇನಿದೆ ಅಂತ ಅಂಚೆಯವರಿಗೆ ಗೊತ್ತಿರಲೇಬಾರದು. ಈ ಮಾತು ನಾನು ನೋಡಿಲ್ಲ ಅಂದ್ಕೋತೀನಿ." ಕೊನೆಯ ಎರಡು ಪದಗಳನ್ನು ಹೊಡೆದುಹಾಕಿದ. "ಇವತ್ತು ನಿಮ್ಮ ಜೊತೆ ಸುತ್ತೋಕೆ ಬರ್ತೀನಿ. ಒಂದೇ ಒಂದು ಸಲ ಓದಿದ್ದು ಕಂಡರೂ ಫೈಲು ಮುಚ್ಚಿಬಿಡ್ತೀನಿ."

ಫಿದ್ದಾ ಅಂಚೆ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರಲ್ಲಿ ಓದು ಬಾರದ ಮುದುಕಿ ಉಮ್ ಗಾಲಿಬ್‌ಳ ಹೆಸರಿನ, ಆಸ್ಪತ್ರೆಯ ಮುದ್ರೆಯ ಲಕೋಟೆಯಿತ್ತು.

ಮೂರು ವಾರದ ಹಿಂದೆ ಉಮ್ ಗಾಲಿಬ್‌ಳನ್ನು ಅಮ್ಮಾನಿಗೆ ಕರೆದೊಯ್ದವಳು ಇವಳೇ. ಎದೆಯಲ್ಲೊಂದು ಗಂಟು; ಪರೀಕ್ಷೆಯ ಫಲಿತಾಂಶ ಅಂಚೆಯಲ್ಲಿ ಬರುತ್ತದೆ ಎಂದಿದ್ದರು. ಮಗನಿಗೆ ಹೇಳಿರಲಿಲ್ಲ, ಶಾಲೆಯಲ್ಲಿ ಪಾಠ ಹೇಳುವ ಸೊಸೆಗಂತೂ ಇಲ್ಲವೇ ಇಲ್ಲ. ಬಟ್ಟೆ ಕೊಳ್ಳೋಕೆ ಹೋಗಿದ್ವಿ ಅಂತ ಹೇಳು, ಎಂದು ದಾರಿಯುದ್ದಕ್ಕೂ ಕೈ ಹಿಡಿದು ಕೂತಿದ್ದಳು ಮುದುಕಿ.

ಮೊದಲ ಮನೆ, ಎರಡನೆಯ ಮನೆ, ಅಂಗಡಿ. ಎಲ್ಲ ಸಲೀಸಾಗಿ ಮುಗಿಯಿತು. ನಿದಾಲ್ ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದ. ನಾಲ್ಕನೆಯ ಮನೆಯ ದಾಳಿಂಬೆ ಗಿಡದ ಕೆಳಗೆ ಉಮ್ ಗಾಲಿಬ್ ಕಾಯುತ್ತಾ ನಿಂತಿದ್ದಳು. ಮೂರು ವಾರದಿಂದ ಹಾಗೇ ನಿಲ್ಲುತ್ತಿದ್ದಳು.

"ಬಂತಾ, ನನ್ನ ಕಣ್ಣೇ?"

"ಬಂತು ದೊಡ್ಡಮ್ಮ. ಇಲ್ಲಿ ಹೆಬ್ಬೆಟ್ಟು ಒತ್ತಿ."

ಮುದುಕಿ ಒತ್ತಿದಳು. ಲಕೋಟೆ ತೆಗೆದುಕೊಂಡು, ಎಂದಿನಂತೆ ತಿರುಗಿ ಅವಳ ಕೈಗೇ ಚಾಚಿದಳು. "ಓದು."

"ಸೊಸೆ ಬರಲಿ ದೊಡ್ಡಮ್ಮ. ಎರಡು ಗಂಟೆಗೆ ಬರ್ತಾಳಲ್ಲ."

ಉಮ್ ಗಾಲಿಬ್ ಅವಳನ್ನು ನೋಡಿದಳು, ಹಿಂದೆ ನಿಂತ ಪರಸ್ಥಳದ ಗಂಡಸನ್ನು ನೋಡಿದಳು. ಅವನ ಮುಂದೆ ಹೇಳುವ ಮಾತಲ್ಲ ಅದು. "ಸೊಸೆಯಂತೆ! ತಿಳಿದೂ ತಿಳಿದೂ ಹೇಳ್ತೀಯಲ್ಲೇ! ಯಾವಾಗಿಂದ ಸರ್ಕಾರ ಆದೆ ನೀನು? ನಿಂಗೂ ಮೀಸೆ ಬಂತಾ?"

"ಇವತ್ತು ಆಗಲ್ಲ ದೊಡ್ಡಮ್ಮ."

"ಹೋಗು ಹಾಗಾದ್ರೆ. ಚಹಾ ಬೇಕಾ ಅಂತಾನೂ ಕೇಳಲ್ಲ ನಿನ್ನ."

ಆ ಊರಿನಲ್ಲಿ ಅಷ್ಟು ಕಟುವಾದ ಮಾತು ಫಿದ್ದಾ ಕೇಳಿರಲಿಲ್ಲ. ಕಾರಿಗೆ ಬಂದು ಕೂತಳು. ಕೀಲಿ ಹಾಕಿದಳು. ಪಕ್ಕದಲ್ಲಿ ನಿದಾಲ್, "ಸರಿಯಾಗಿ ಮಾಡಿದಿರಿ ಅಕ್ಕಾ. ಇನ್ನು ಎರಡು ಮನೆ, ಸಹಿ ಹಾಕಿ ಹೊರಟುಬಿಡ್ತೀನಿ," ಎಂದ.

ಗಾಜಿನಾಚೆ ಉಮ್ ಗಾಲಿಬ್ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಲಕೋಟೆಯ ಅಂಚು ಹರಿದಿದ್ದಳು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಬೆರಳಿನಿಂದ ಒಂದೊಂದೇ ಸಾಲು ಸವರಿದಳು, ಅಕ್ಷರಗಳು ಮುಟ್ಟಿದರಾದರೂ ಹೇಳಿಯಾವು ಎಂಬಂತೆ.

ಕೀಲಿ ತಿರುಗಿಸಿದ ಫಿದ್ದಾ ಮತ್ತೆ ಹಿಂದಕ್ಕೆ ತಿರುಗಿಸಿದಳು. ಎಂಜಿನ್ ನಿಂತಿತು.

"ಉಸ್ತಾದ್, ಆ ಕಾಗದ ತಲುಪಿತು ಅಂತ ಬರ್ಕೊಂಡ್ರಾ?"

"ಬರ್ಕೊಂಡೆ."

"ಲಕೋಟೆ ನಾನು ಒಡೆದಿಲ್ಲ, ಅಲ್ವಾ? ಅವರೇ ಒಡೆದ್ರು."

ನಿದಾಲ್ ಪುಸ್ತಕದಿಂದ ತಲೆಯೆತ್ತಿದ. "ಅಕ್ಕಾ, ಬೇಡ. ನೀವು ಕೆಲಸದ ಮೇಲಿದ್ದೀರಿ. ನಾನು ಕಣ್ಣಾರೆ ನೋಡ್ತಾ ಕೂತು ಸುಳ್ಳು ಬರೆಯೋಕಾಗಲ್ಲ."

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನೂ ಹೆದರಿದವನಂತೆಯೇ ಕಂಡ. ತಿಂಗಳ ಕೊನೆ, ಕೋಣೆಯ ಬೋರ್ಡು, ಮಿಸ್ಲಿಹನ ಸೊಂಟ ಎಲ್ಲ ಒಟ್ಟಿಗೇ ನೆನಪಾದವು. ಹೊಸ್ತಿಲಲ್ಲಿ ಮುದುಕಿ ಹಾಳೆಯನ್ನು ತಿರುವಿ ಹಿಂಬದಿ ನೋಡುತ್ತಿದ್ದಳು. ಅಲ್ಲಿ ಏನೂ ಬರೆದಿರಲಿಲ್ಲ.

ಫಿದ್ದಾ ಕೆಳಗಿಳಿದಳು. ತೆರೆದ ಬಾಗಿಲಿನಿಂದ ಬಗ್ಗಿ, "ಸುಳ್ಳು ಬರೀಬೇಡಿ ಉಸ್ತಾದ್," ಎಂದಳು, "ಕಂಡಿದ್ದೇ ಬರೀರಿ, ಆದ್ರೆ ಅವರೇ ಓದು ಅಂದ್ರು ಅಂತಾನೂ ಬರೀರಿ, ಮತ್ತೆ ನಾನು ಓದಿ ಬರೋವರೆಗೆ ದಯವಿಟ್ಟು ಗಾಜು ಏರಿಸ್ಕೊಂಡು ಕೂತಿರಿ, ಯಾಕಂದ್ರೆ ಅದರಲ್ಲಿ ಇರೋದು ನಿಮಗೂ ಕೇಳಿಸಬಾರದು, ನನಗೂ ಕೇಳಿಸಬಾರದಿತ್ತು, ಆದರೆ ಆಕೆಗೆ" ಎನ್ನುತ್ತಲೇ ತಿರುಗಿ ಹೊಸ್ತಿಲ ಕಡೆಗೆ ನಡೆದಳು, ಉಳಿದ ಮಾತು ನಿದಾಲ್‌ಗೆ ಕೇಳಿಸಲಿಲ್ಲ.