ಅರ್ಧ ಮಾಡುವ ಸೀತಾರಾಮರು

ವಡೋದರಾದ ಸಂಯುಕ್ತ ಗಣಕ ಕೇಂದ್ರದಲ್ಲಿ ಸೀತಾರಾಮರನ್ನು ಹುದ್ದೆಯ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. 'ಜಗ್ಯಾವಾಳಾ ಸೀತಾರಾಮಭಾಯಿ' ಅಂದರೇ ಗೊತ್ತಾಗುತ್ತಿದ್ದದ್ದು. ಜಾಗ ಕೊಡುವ ಸೀತಾರಾಮಭಾಯಿ ಎಂದರ್ಥ. ಕೊಡುವವರು ಅನ್ನುವುದಕ್ಕಿಂತ ಕೊಡದವರು ಅಂದಿದ್ದರೆ ಇನ್ನೂ ಸರಿಹೋಗುತ್ತಿತ್ತು, ಆದರೆ ಗುಜರಾತಿಗಳು ಮರ್ಯಾದಸ್ಥರು, ಹಾಗೆಲ್ಲ ಮುಖದೆದುರು ಹೇಳುವವರಲ್ಲ.

ಕೇಂದ್ರದಲ್ಲಿದ್ದದ್ದು ಒಂದೇ ಒಂದು ದೊಡ್ಡ ಕಂಪ್ಯೂಟರು, ಮೇನ್‌ಫ್ರೇಮ್. ಒಂದು ಕೋಣೆ ತುಂಬ ಕೂತಿತ್ತು. ಅದನ್ನು ಹಂಚಿಕೊಂಡು ಬಳಸುತ್ತಿದ್ದ ಕಚೇರಿಗಳು ಆರು: ವಡೋದರಾದವು ನಾಲ್ಕು, ಅಹಮದಾಬಾದಿನದೊಂದು, ಸೂರತ್ತಿನದೊಂದು. ೧೯೮೭ರಲ್ಲಿ ಯಂತ್ರ ಬಂದಾಗ ಪೂಜೆ ಮಾಡಿಸಿ ತೆಂಗಿನಕಾಯಿ ಒಡೆದಿದ್ದರು. ಈಗ ೨೦೦೩. ಫತೇಗಂಜ್‌ನ ಗಲ್ಲಿಗಲ್ಲಿಯಲ್ಲೂ ಹುಡುಗರು ಮೇಜಿನ ಕಂಪ್ಯೂಟರಿನ ಮುಂದೆ ಕೂತಿರುವ ಕಾಲ. ಆದರೂ ಆರು ಕಚೇರಿಗಳ ಹಳೆಯ ಲೆಕ್ಕಾಚಾರವೆಲ್ಲ ಈ ಯಂತ್ರಕ್ಕೇ ಕಟ್ಟುಬಿದ್ದಿತ್ತು. ಪಾಲಾಗಲಾರದ ಅವಿಭಕ್ತ ಕುಟುಂಬದ ಹಾಗೆ ಎಲ್ಲರೂ ಗೊಣಗುತ್ತ ಒಂದೇ ಸೂರಿನಡಿ ಇದ್ದರು.

ದಿನಬಳಕೆಯ ಮಾಹಿತಿ ಡಿಸ್ಕಿನ ಮೇಲೆ, ಕಾದಿಡಬೇಕಾದದ್ದು ಟೇಪಿನ ಮೇಲೆ. ಎರಡೂ ಇದ್ದದ್ದು ಎಣಿಸಿಟ್ಟಷ್ಟೇ. ಅದಕ್ಕೇ ಮುಂಗಡವಾಗಿ ಕಾದಿರಿಸಿಕೊಳ್ಳಬೇಕು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಸಿಲಿಂಡರು, ಎಷ್ಟು ಟೇಪು ಎಂದು ಗುಲಾಬಿ ಬಣ್ಣದ ಅರ್ಜಿ ತುಂಬಬೇಕು. ಸೈಟಿಗೆ ಚದರಡಿ ಹೇಗೋ ಡಿಸ್ಕಿಗೆ ಸಿಲಿಂಡರು ಹಾಗೆ. ಮಂಜೂರು ಮಾಡುವವರು ಸೀತಾರಾಮರು.

ಅವರು ಮಂಜೂರು ಮಾಡುತ್ತಿದ್ದ ರೀತಿ ನೋಡುವಂತಿತ್ತು. ಅರ್ಜಿ ಮೇಜಿಗೆ ಬಂದ ಕೂಡಲೇ ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಓದುವವರು ಕನ್ನಡಕವನ್ನು ಕೆಳಗಿಳಿಸಬೇಕಲ್ಲವೇ ಎಂದು ಕೇಳಬೇಡಿ, ಅವರು ಓದುತ್ತಿರಲಿಲ್ಲ. ಕೇಳಿದ ಸಂಖ್ಯೆಯ ಮೇಲೊಂದು ಗೆರೆ, ಪಕ್ಕದಲ್ಲಿ ಅದರ ಅರ್ಧ, ಕೆಳಗೆ ರುಜು. ನಾನೂರಿದ್ದರೆ ಇನ್ನೂರು. ಹತ್ತು ಟೇಪಿದ್ದರೆ ಐದು. ಒಂದು ಸಲ ಸೂರತ್ತಿನವರು ಏಳು ಟೇಪು ಕೇಳಿ ಮೂರೂವರೆ ಮಂಜೂರಾಗಿ, ಅರ್ಧ ಟೇಪು ಎಲ್ಲಿ ಸಿಗುತ್ತದೆ ಎಂದು ಕಾಗದ ಬರೆದಿದ್ದರು. ಸೀತಾರಾಮರು ಅದನ್ನು ಮೂರಕ್ಕಿಳಿಸಿ ಉತ್ತರ ಕೊಟ್ಟರು.

"ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋ ಜನ ನಾವು. ಒಬ್ಬೊಬ್ಬ ಮೂರ್ಮೂರು ಟವೆಲ್ ಎಸೀತಾನೆ. ನಾನು ಅರ್ಧ ಟವೆಲ್ ವಾಪಸ್ ಎಸೀತೀನಿ ಅಷ್ಟೆ" ಎಂದು ಅವರು ಹೆಂಡತಿ ಗಿರಿಜಾಗೆ ಹೇಳುತ್ತಿದ್ದರು. ಅರಸೀಕೆರೆಯಿಂದ ಬಂದು ಇಪ್ಪತ್ತೈದು ವರ್ಷವಾಗಿದ್ದರೂ ಅವರ ಉಪಮಾನಗಳು ಮಾತ್ರ ಅರಸೀಕೆರೆ ಬಸ್ ನಿಲ್ದಾಣದಲ್ಲೇ ನಿಂತಿದ್ದವು.

ಹದಿನಾರು ವರ್ಷ ಹೀಗೆ ಅರ್ಧ ಮಾಡಿ ಮಾಡಿ, ಇನ್ನೊಂದು ಯಂತ್ರಕ್ಕಾಗುವಷ್ಟು ಜಾಗ ಉಳಿಸಿದ್ದೇನೆ ಎಂಬುದು ಅವರ ಜೀವನದ ದೊಡ್ಡ ಹೆಮ್ಮೆ. ಗುಟ್ಟಿನ ಹೆಮ್ಮೆ ಇನ್ನೊಂದಿತ್ತು. ಡಿಸ್ಕಿನ ಮೇಲೆ ಮುನ್ನೂರು ಸಿಲಿಂಡರನ್ನು ತಮ್ಮದೇ ಹೆಸರಿನಲ್ಲಿ ಕಾದಿರಿಸಿ ಖಾಲಿ ಇಟ್ಟುಕೊಂಡಿದ್ದರು. ಆಪತ್ತಿಗೆ ಅಂತ. ಸಂಜೆ ಹೊರಡುವ ಮೊದಲು ಅದನ್ನೊಮ್ಮೆ ತೆರೆದು, ಬಳಸಿದ್ದು ಸೊನ್ನೆ ಎಂದು ನೋಡಿಕೊಂಡರೇ ಸಮಾಧಾನ. ಒಂದು ಮಳೆಗಾಲ ಕೇಂದ್ರದ ನೆಲಮಾಳಿಗೆಗೆ ನೀರು ನುಗ್ಗಿ ಎರಡು ಡಿಸ್ಕು ಕೆಟ್ಟಾಗಲೂ ಅದನ್ನು ಮುಟ್ಟಿರಲಿಲ್ಲ. ಇದಕ್ಕಿಂತ ದೊಡ್ಡ ಆಪತ್ತು ಬಂದರೆ ಏನು ಗತಿ ಎಂದು ಮುಚ್ಚಿಟ್ಟುಕೊಂಡಿದ್ದರು.

ಇಂಥವರ ಮುಂದೆ ಬಂದವಳು ಪ್ರಾರ್ಥನಾ. ದಾವಣಗೆರೆಯ ಹುಡುಗಿ, ಇಪ್ಪತ್ತಾರು ವರ್ಷ, ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಪರೀಕ್ಷಾಲಯದಲ್ಲಿ ಎಂಜಿನಿಯರ್. ಆರು ಕಚೇರಿಗಳಲ್ಲಿ ಆ ಪರೀಕ್ಷಾಲಯವೂ ಒಂದು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮಾರ್ಚಿನಲ್ಲಿ ಒಂದು ಪರೀಕ್ಷೆ ಮಾಡಿ ವರದಿ ಕೊಟ್ಟರೆ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಕನ್ನಡದವಳು ಎಂದು ಗೊತ್ತಾದ ಮೇಲೆ ಗಿರಿಜಾ ಭಾನುವಾರ ಭಾನುವಾರ ಊಟಕ್ಕೆ ಕರೆಯತೊಡಗಿದರು. ಸಿಹಿ ಹಾಕಿದ ಬೇಳೆ ತಿಂದು ತಿಂದು ಬೇಸತ್ತಿದ್ದ ಹುಡುಗಿ ಇವರ ಮನೆಯ ಹುಳಿಯನ್ನು ಮೂರು ಸಲ ಬಡಿಸಿಕೊಳ್ಳುತ್ತಿದ್ದಳು.

ಊಟದ ನಡುವೆಯೇ ಅವಳು ಪರೀಕ್ಷೆಯ ವಿಷಯ ಹೇಳಿದ್ದಳು. ಒಂದು ಟ್ರಾನ್ಸ್‌ಫಾರ್ಮರಿನ ಮೇಲೆ ಹೊರಲಾರದಷ್ಟು ವಿದ್ಯುತ್ ಭಾರ ಹಾಕಿ, ಅದು ಕೆಟ್ಟುಹೋಗುವವರೆಗೆ ಬಿಡುವುದು. ಬೆಳಗಿನಿಂದ ಸಂಜೆಯವರೆಗೆ ಕ್ಷಣಕ್ಷಣದ ಬಿಸಿ, ಒತ್ತಡವೆಲ್ಲ ಟೆಲಿಫೋನ್ ತಂತಿಯ ಮೂಲಕ ಕೇಂದ್ರದ ಡಿಸ್ಕಿಗೆ ಬರಬೇಕು.

"ಒಂದೇ ಟ್ರಾನ್ಸ್‌ಫಾರ್ಮರ್ ಕೊಟ್ಟಿದಾರೆ ಸರ್. ಸುಟ್ಟಿದ್ದನ್ನ ಮತ್ತೆ ಸುಡೋಕಾಗಲ್ಲ. ಮೂರು ಸಲ ಲೆಕ್ಕ ಹಾಕಿದೀನಿ, ಆರುನೂರು ಸಿಲಿಂಡರ್ ಬೇಕು."

"ಸರಿ, ಅರ್ಜಿ ಹಾಕು" ಎಂದು ಸೀತಾರಾಮರು ಮಜ್ಜಿಗೆಗೆ ಅನ್ನ ಕಲಸಿದರು.

ಅರ್ಜಿ ಬಂತು. ಆರುನೂರು ಎಂದಿತ್ತು. ಕನ್ನಡಕ ಹಣೆಗೇರಿತು, ಗೆರೆ ಬಿತ್ತು, ಮುನ್ನೂರಾಯಿತು. ಯಾರ ಅರ್ಜಿ ಎಂದು ಕೂಡ ಅವರು ನೋಡಲಿಲ್ಲ.

ಮಂಜೂರಾತಿ ಪತ್ರ ಪ್ರಾರ್ಥನಾಳ ಕೈಸೇರಿದ್ದು ಗುರುವಾರ. ಪರೀಕ್ಷೆ ಇದ್ದದ್ದು ಶನಿವಾರ. ಅವಳು ಮಕರಪುರದಿಂದ ಆಟೋ ಹತ್ತಿ ನೇರ ಕೇಂದ್ರಕ್ಕೆ ಬಂದಳು. ಜಗಳಕ್ಕೇನೂ ಬಂದಿರಲಿಲ್ಲ. ಪತ್ರವನ್ನು ಮೇಜಿನ ಮೇಲಿಟ್ಟು ನಿಂತಳು.

"ಸರ್, ಇದು ಬೇರೆಯವರದ್ದು ಅನ್ಸುತ್ತೆ. ಮುನ್ನೂರು ಅಂತಿದೆ."

ಸೀತಾರಾಮರು ಮೊದಲ ಬಾರಿಗೆ ಕನ್ನಡಕವನ್ನು ಮೂಗಿಗಿಳಿಸಿ ತಮ್ಮದೇ ಮಂಜೂರಾತಿಯನ್ನು ಓದಿದರು. ಮುಖ ಬಿಸಿಯಾಯಿತು. "ಎಲ್ಲರಿಗೂ ಅಷ್ಟೇ ಕಣಮ್ಮ ಕೊಡೋದು" ಎಂದರು.

"ಎಲ್ಲರಿಗೂ ಮುನ್ನೂರೇನಾ ಸರ್?"

"ಅಲ್ಲ. ಅರ್ಧ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಇವರಿಗೂ ಆಗಲಿಲ್ಲ. ಡಿಸ್ಕಿನಲ್ಲಿ ಮಂಜೂರಾಗದೆ ಉಳಿದ ಜಾಗ ಆ ತಿಂಗಳು ಒಂದಿಷ್ಟೂ ಇರಲಿಲ್ಲ. ನೇರವಾಗಿ ಟೇಪಿಗೆ ಬರೆಯೋಣವೆಂದರೆ ಇದ್ದ ಎರಡು ಟೇಪ್ ಯಂತ್ರಗಳನ್ನೂ ಆರರಲ್ಲೊಂದಾದ ವಿಮಾ ಕಚೇರಿಯವರು ಶನಿವಾರಕ್ಕೆ ಕಾದಿರಿಸಿದ್ದರು. "ನಾಳೆ ಸಂಜೆಯೊಳಗೆ ಹೊಂದಿಸ್ತೀನಿ, ನೀನು ಹೋಗು" ಎಂದು ಕಳಿಸಿದರು.

ವಿಮಾ ಕಚೇರಿಯ ಉಮಾಕಾಂತ ಧಾರವಾಡದವರು, ವರ್ಗವಾಗಿ ಬಂದು ಒಂಬತ್ತು ವರ್ಷವಾಗಿತ್ತು. ಕನ್ನಡದವರಲ್ಲವೇ, ಮುನ್ನೂರು ಸಿಲಿಂಡರು ಎರಡು ದಿನಕ್ಕೆ ಬಿಟ್ಟುಕೊಟ್ಟಾರು ಎಂದು ಸೀತಾರಾಮರು ಅಲ್ಲಿಗೆ ನಡೆದರು. ಹದಿನಾರು ವರ್ಷದಲ್ಲಿ ಜಾಗ ಕೇಳಿಕೊಂಡು ಅವರು ಇನ್ನೊಬ್ಬರ ಬಾಗಿಲಿಗೆ ಹೋದದ್ದು ಅದೇ ಮೊದಲು.

ಉಮಾಕಾಂತರು ಚಹಾ ತರಿಸಿದರು. ಎಲ್ಲ ಕೇಳಿ ಮೀಸೆಯಡಿ ನಕ್ಕರು.

"ಆ ಹುಡುಗಿ ಆರುನೂರು ಬೇಕಂದ್ರ ಆರುನೂರೇ ಬರದಾಳೇನ್ರಿ?"

"ಮತ್ತೆಷ್ಟು ಬರೀಬೇಕಿತ್ತು?"

"ಸಾವಿರದ ಇನ್ನೂರು. ಸೀತಾರಾಮ ಅವರ, ನೀವು ಅರ್ಧ ಮಾಡ್ತೀರಿ ಅಂತ ನಾವು ದುಪ್ಪಟ್ಟು ಬರೀತೇವ್ರಿ. ಹೊಸದಾಗಿ ಕೆಲಸಕ್ಕ ಬಂದವರಿಗೆ ಮೊದಲನೇ ದಿನಾನ ಚಹಾದ ಜೋಡಿ ಇದನ್ನ ಹೇಳಿಕೊಡ್ತೇವಿ. ಸೂರತ್ತಿನವರು ಅರ್ಧ ಟೇಪಿಂದ ಬುದ್ಧಿ ಕಲ್ತು ಈಗ ಸರಿಸಂಖ್ಯಾನ ಬರೀತಾರ."

ಸೀತಾರಾಮರ ಕೈಯ ಚಹಾ ಕೈಯಲ್ಲೇ ಉಳಿಯಿತು. "ಎಷ್ಟು ವರ್ಷದಿಂದ?"

"ನಾ ಬರೋಕಿಂತ ಮೊದಲಿನಿಂದ. ಆ ಹುಡುಗಿಗೆ ಯಾರೂ ಯಾಕ ಹೇಳಲಿಲ್ಲ ಅಂದ್ರ, ನಿಮ್ಮ ಮನ್ಯಾಗ ಊಟಾ ಮಾಡ್ತಾಳ, ನಿಮ್ಮ ಊರ ಕಡೆಯಾಕಿ, ಆಕಿಗೆ ನೀವು ಪೂರಾ ಕೊಡ್ತೀರಿ ಅಂತ ಎಲ್ಲಾರೂ ತಿಳಕೊಂಡಿದ್ವಿ."

ಜಾಗ ಮಾತ್ರ ಉಮಾಕಾಂತರು ಕೊಡಲಿಲ್ಲ. ಖಾಲಿ ಇದೆ ಎಂದು ಒಪ್ಪಿಕೊಂಡರೆ ಮುಂದಿನ ವರ್ಷ ಅದಕ್ಕೂ ಕತ್ತರಿ ಬೀಳುತ್ತದೆ ಎಂಬುದು ಅವರ ಭಯ. ಬೇರೆ ಕಚೇರಿಗಳಿಗೆ ಫೋನು ಮಾಡಿದರೆ ಎಲ್ಲರದೂ ಒಂದೇ ಸೊಲ್ಲು: ಫುಲ್ ಛೆ, ಸೀತಾರಾಮಭಾಯಿ, ಬಿಲ್ಕುಲ್ ಫುಲ್. ಅವರವರ ಡಿಸ್ಕು ಎಷ್ಟು ಖಾಲಿಯಿದೆ ಎಂಬುದು ಸೀತಾರಾಮರ ಪರದೆಯ ಮೇಲೇ ಕಾಣುತ್ತಿತ್ತು. ಆದರೆ ಮಂಜೂರಾದ ಜಾಗವನ್ನು ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳಬಾರದೆಂಬ ನಿಯಮವನ್ನು ಹಿಂದೊಮ್ಮೆ ಬರೆದವರೂ ಅವರೇ.

ಮನೆಗೆ ಬಂದು ಗಿರಿಜಾ ಮುಂದೆ ಹೇಳಿಕೊಂಡರು. "ಹದಿನಾರು ವರ್ಷ ನನ್ನನ್ನ ಮಂಗ ಮಾಡಿದಾರೆ ಕಣೆ ಎಲ್ಲಾ ಸೇರಿ."

ಗಿರಿಜಾ ಸೊಪ್ಪು ಬಿಡಿಸುತ್ತಿದ್ದರು. "ಅಂಗಡಿ ಚೀಟೀಲಿ ನಾನು ಎರಡು ಕೇಜಿ ತೊಗರಿಬೇಳೆ ಅಂತ ಯಾಕೆ ಬರೀತೀನಿ ಅಂದ್ಕೊಂಡಿದೀರ? ಇಬ್ಬರಿಗೆ ಎರಡು ಕೇಜಿ ಯಾರಾದ್ರೂ ತಿಂತಾರಾ?"

ಸೀತಾರಾಮರಿಗೆ ನಿಜವಾಗಿಯೂ ನೋವಾಗಿತ್ತು. ಮೋಸ ಹೋದದ್ದಕ್ಕಿಂತ, ಅದು ಎಲ್ಲರಿಗೂ ಗೊತ್ತಿದ್ದು ತಮಗೊಬ್ಬರಿಗೆ ಗೊತ್ತಿಲ್ಲದ್ದಕ್ಕೆ ಹೆಚ್ಚು ನೋವಾಗಿತ್ತು.

ಶುಕ್ರವಾರ ಇಡೀ ದಿನ ಅವರು ತಮ್ಮ ಗುಟ್ಟಿನ ಮುನ್ನೂರರ ಮುಂದೆ ಕೂತರು. ಅದನ್ನು ಕೊಟ್ಟರೆ ಆರುನೂರಕ್ಕೆ ಸರಿಹೋಗುತ್ತದೆ. ಕೊಟ್ಟ ಮೇಲೆ ನಾಳೆ ಆಪತ್ತು ಬಂದರೆ? ಕೊಡದಿದ್ದರೆ ಹುಡುಗಿಯ ಕೆಲಸ ಹೋಗುತ್ತದೆ, ತಪ್ಪು ತಮ್ಮದು. ಹೀಗೆ ತೂಗಾಡಿ ತೂಗಾಡಿ, ಸಂಜೆ ನಾಲ್ಕಕ್ಕೆ ಎದ್ದು ಒಂದು ಗುಲಾಬಿ ಅರ್ಜಿ ತೆಗೆದರು. ನಿಯಮ ನಿಯಮವೇ. ತಮ್ಮ ಜಾಗವನ್ನು ಪರೀಕ್ಷಾಲಯಕ್ಕೆ ವರ್ಗಾಯಿಸಬೇಕೆಂದು ತಾವೇ ಅರ್ಜಿ ಬರೆದರು. ಮುನ್ನೂರು ಸಿಲಿಂಡರು. ಕನ್ನಡಕ ಹಣೆಗೇರಿಸಿ, ಮಂಜೂರಾತಿಯ ಕಡೆ ಬರೆದು, ರುಜು ಮಾಡಿ, ಯಂತ್ರ ನಡೆಸುವ ಮಾಧವಭಾಯಿಯ ತಟ್ಟೆಗೆ ಹಾಕಿ, ಹಿಂದೆ ತಿರುಗಿ ನೋಡದೆ ಮನೆಗೆ ಹೋದರು.

ಶನಿವಾರ ಅವರಿಗೆ ರಜೆ. ಆದರೂ ಬೆಳಿಗ್ಗೆ ಏಳಕ್ಕೆ ಕೇಂದ್ರದಲ್ಲಿದ್ದರು. ಮಕರಪುರದಲ್ಲಿ ಪರೀಕ್ಷೆ ಶುರುವಾಯಿತು. ಇಲ್ಲಿ ಪರದೆಯ ಮೇಲೆ ತುಂಬಿದ ಜಾಗದ ಅಂಕಿ ನಿಧಾನಕ್ಕೆ ಏರುತ್ತಿತ್ತು. ಗಂಟೆಗೆ ಅರವತ್ತು. ಮಧ್ಯಾಹ್ನ ಹನ್ನೆರಡಕ್ಕೆ ಮುನ್ನೂರು ದಾಟಿ ಅವರ ಗುಟ್ಟಿನ ಜಾಗಕ್ಕೆ ಕಾಲಿಟ್ಟಿತು. ಅವರು ಕಣ್ಣು ಮುಚ್ಚಿಕೊಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ. ಗಿರಿಜಾ ಕಟ್ಟಿಕೊಟ್ಟ ಚಿತ್ರಾನ್ನ ತಿಂದರು.

ಎರಡೂವರೆಗೆ ಅಂಕಿ ನಾನೂರೈವತ್ತಕ್ಕೆ ಬಂದು ನಿಂತುಬಿಟ್ಟಿತು. ಪರದೆಯ ಮೇಲೆ ಒಂದೇ ಸಾಲು: ಜಾಗ ಮುಗಿದಿದೆ.

"ಮಾಧವಭಾಯಿ, ಇದೇನಿದು? ಇನ್ನೂ ನೂರೈವತ್ತು ಇರಬೇಕಲ್ಲ."

ಮಾಧವಭಾಯಿ ಐವತ್ತು ದಾಟಿದ ಮನುಷ್ಯ, ಕಾಗದದಲ್ಲಿ ಇದ್ದದ್ದನ್ನು ಅಕ್ಷರಶಃ ಮಾಡುವವರು. ತಟ್ಟೆಯಿಂದ ಗುಲಾಬಿ ಅರ್ಜಿ ತೆಗೆದು ಮುಂದೆ ಹಿಡಿದರು. ಕೇಳಿದ್ದು ಮುನ್ನೂರು, ಅದರ ಮೇಲೊಂದು ಗೆರೆ, ಪಕ್ಕದಲ್ಲಿ ನೂರೈವತ್ತು, ಕೆಳಗೆ ರುಜು. ಎಲ್ಲವೂ ಒಂದೇ ಕೈಯ ಬರಹ.

"ಆಪ್ನೇ ಹೀ ಕಾಟಾ ಹೈ, ಸಾಹೇಬ್", ಕತ್ತರಿಸಿದ್ದು ನೀವೇ, ಎಂದರು ಮಾಧವಭಾಯಿ ವಿನಯದಿಂದ.

ಸೀತಾರಾಮರ ಬೆನ್ನಲ್ಲಿ ಬೆವರಿಳಿಯಿತು. ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತಲೇ ಇತ್ತು, ಅದಕ್ಕೆ ಅರ್ಜಿ ಗಿರ್ಜಿ ಗೊತ್ತಿಲ್ಲ. ಅಲ್ಲಿಂದ ಮಾಹಿತಿ ಕಳಿಸುತ್ತಿದ್ದ ಪುಟ್ಟ ಯಂತ್ರ ಹತ್ತು ನಿಮಿಷದಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಆಮೇಲೆ ಬಂದದ್ದೆಲ್ಲ ಗಾಳಿಗೆ.

"ಉಳಿದಿದ್ದೆಲ್ಲಾ ಕೊಟ್ಟುಬಿಡಿ. ಸಬ್ ದೇ ದೋ."

"ಫಾರಂ, ಸಾಹೇಬ್?"

"ಫಾರಂ ಬೇಡ."

ಮಾಧವಭಾಯಿ ಕಿವಿಯನ್ನೇ ನಂಬದೆ ಅವರ ಮುಖ ನೋಡಿದರು. ಹದಿನಾರು ವರ್ಷದಲ್ಲಿ ಆ ಕೋಣೆಯಲ್ಲಿ ಅಂಥ ಮಾತು ಬಂದಿರಲಿಲ್ಲ. ಸೀತಾರಾಮರು ಅವರ ಪಕ್ಕದ ಕುರ್ಚಿಯನ್ನೆಳೆದು ಕೂತು, ಕೈಮುಗಿಯುವುದೊಂದು ಬಾಕಿ, "ಬೇಗ, ಮಾಧವಭಾಯಿ" ಎಂದರು. ಮಾಧವಭಾಯಿಯ ಬೆರಳು ಕೀಲಿಗಳ ಮೇಲೆ ಓಡಿದವು. ನಾಲ್ಕನೇ ನಿಮಿಷಕ್ಕೆ ಅಂಕಿ ಅಲುಗಿತು. ನಾನೂರೈವತ್ತೊಂದು.

ಆಮೇಲೆ ಎರಡು ಗಂಟೆಗೂ ಹೆಚ್ಚು ಹೊತ್ತು ಅವರು ಅಲ್ಲಿಂದೇಳಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಅಂಕಿ ಮತ್ತೆ ನಿಂತಿತು. ಬೆನ್ನಿಗೇ ಫೋನು ಬಡಿದುಕೊಂಡಿತು. ಪ್ರಾರ್ಥನಾಳ ದನಿ ನಡುಗುತ್ತಿತ್ತು.

"ಹೋಯ್ತು ಸರ್, ಟ್ರಾನ್ಸ್‌ಫಾರ್ಮರ್ ಈಗಷ್ಟೇ ಹೋಯ್ತು. ನಡುವೆ ಒಂದ್ನಾಲ್ಕು ನಿಮಿಷ ಲೈನು ನಿಂತಿತ್ತು. ಅಲ್ಲಿ ಎಲ್ಲಾ ಬಂದಿದೆಯಾ?"

ಸೀತಾರಾಮರು ಕನ್ನಡಕ ಸರಿಯಾಗಿ ಹಾಕಿಕೊಂಡು ಪರದೆಯನ್ನು ಎರಡು ಸಲ ಓದಿದರು. "ಎಲ್ಲಾ ಬಂದಿದೆಯಮ್ಮ. ಒಂದಕ್ಷರ ಬಿಟ್ಟಿಲ್ಲ. ಐನೂರ ತೊಂಬತ್ತೆರಡು ಸಿಲಿಂಡರ್ ಆಗಿದೆ."

ಅತ್ತ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳು ಸಂಕೋಚದಿಂದ ಹೇಳಿದಳು.

"ಸಾರಿ ಸರ್, ನಿಮಗೆ ಇಷ್ಟು ಕಷ್ಟ ಇರೋವಾಗ ಎಂಟು ಜಾಸ್ತಿ ಕೇಳಿಬಿಟ್ಟಿದ್ದೆ. ಅದನ್ನ ಇವತ್ತೇ ವಾಪಸ್ ತಗೊಂಡ್ಬಿಡಿ."

ಅವಳು ಅಣಕಿಸುತ್ತಿರಲಿಲ್ಲ. ಅಣಕಿಸಿದ್ದರೆ ಸೀತಾರಾಮರು ತಡೆದುಕೊಳ್ಳುತ್ತಿದ್ದರು. ಹದಿನಾರು ವರ್ಷದಲ್ಲಿ ಒಬ್ಬಳೇ ಒಬ್ಬಳು ನಿಜ ಹೇಳಿದ್ದಳು, ತಾವು ಕನ್ನಡಕ ಹಣೆಗೇರಿಸಿ ಅದನ್ನೇ ಕತ್ತರಿಸಿದ್ದರು. ಈಗ ಅವಳೇ ಕ್ಷಮೆ ಕೇಳುತ್ತಿದ್ದಾಳೆ. ಅವರಿಗೆ ತುಂಬ ನಾಚಿಕೆಯಾಯಿತು.

"ಇರಲಿ ಬಿಡಮ್ಮ, ಇಟ್ಕೊ" ಎಂದರು. ಇನ್ನೇನೋ ಹೇಳಬೇಕೆಂದು ಫೋನನ್ನು ಹಿಡಿದೇ ಕೂತರು. ಅವಳೂ ಇಡಲಿಲ್ಲ. ಮಾಧವಭಾಯಿ ಎದ್ದು ಚಹಾ ತರಲು ಹೋದ ಮೇಲೆ, ತಪ್ಪು ನಂದೇ ಎಂದು ಸೀತಾರಾಮರು ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದರು.