ಹಂಪ್ ಬಂದಾಗಲೆಲ್ಲ ಇಳಿದವರು

ಆ ಕಾರನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಅರಿಶಿನದ ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿದ್ದ ಪುಟ್ಟ ಸ್ಪೋರ್ಟ್ಸ್ ಕಾರು. ರಾಯದುರ್ಗದಲ್ಲಿ ನಾನು ಮತ್ತು ಅಪ್ಪ ಕೆಲಸ ಮಾಡುತ್ತಿದ್ದ ಜೀನ್ಸ್ ಯೂನಿಟ್ಟಿನ ಅಂಗಳದಲ್ಲಿ ಅದು ತಾಡಪಾಲಿನ ಕೆಳಗೆ ಮಲಗಿರುತ್ತಿತ್ತು. ನಮ್ಮಲ್ಲಿ ಪ್ಯಾಂಟು ಹೊಲಿಸಿಕೊಳ್ಳುತ್ತಿದ್ದ ಬಳ್ಳಾರಿಯ ವ್ಯಾಪಾರಿಯೊಬ್ಬರ ಮಗ ಅದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿಗೆ ತಂದಿದ್ದ. ಮನೆಯಲ್ಲಿ ತಂದೆಯ ಕಣ್ಣಿಗೆ ಬಿದ್ದರೆ ಗಲಾಟೆಯಾಗುತ್ತದೆಂದು ಆಂಧ್ರದ ಗಡಿಯ ಡಿ. ಹಿರೇಹಾಳ್ ದಾಟಿಸಿ ನಮ್ಮ ಅಂಗಳದಲ್ಲಿ ಬಚ್ಚಿಟ್ಟಿದ್ದ. ಯೂನಿಟ್ಟಿನಲ್ಲಿ ಹೊಲಿಗೆಗೂ ಕೂತು, ಮಾಲಿನ ಟೆಂಪೋವನ್ನೂ ಓಡಿಸುತ್ತಿದ್ದವನು ನಾನಾದ್ದರಿಂದ ಕೀಲಿಯನ್ನು ನನಗೇ ಕೊಟ್ಟು, "ಆಗಾಗ ಒಂದು ರೌಂಡ್ ಹೊಡಸ್ರಿ, ಇಲ್ಲಾಂದ್ರ ಬ್ಯಾಟರಿ ಕುಂದರ್ತದ" ಎಂದಿದ್ದ.

ಆ ಕಾರಿನ ಮೇಲೆ ಬಿದ್ದದ್ದು ನನ್ನ ಕಣ್ಣಲ್ಲ, ಅಪ್ಪನದು. ಅದಕ್ಕೆ ಕಾರಣ ಅಕ್ಕನ ಮದುವೆ.

ಅಕ್ಕನನ್ನು ಕೊಟ್ಟಿದ್ದು ಮಡಕಶಿರಾ ಕಡೆ, ಅಗಳಿಯ ಹತ್ತಿರದ ಒಂದು ಊರಿಗೆ. ಹಿಪ್ಪುನೇರಳೆ, ಕಡಲೆಕಾಯಿ, ರಾಗಿ ಬೆಳೆಯುವ ಮನೆ. ಮದುವೆ ಗಂಡಿನ ಊರಿನಲ್ಲೇ. ಮದುಮಗಳನ್ನು ಕರೆದೊಯ್ಯಲು ಮಾತಾಡಿದ್ದ ಜೀಪು ಹೊರಡುವ ಹೊತ್ತಿಗೆ ಕೈಕೊಟ್ಟಿತು. ಬೇರೆ ದಾರಿಯಿಲ್ಲದೆ ಯೂನಿಟ್ಟಿನ ಟೆಂಪೋದಲ್ಲೇ ಹೊರಟೆವು. ಹಿಂದುಗಡೆ ಇನ್ನೂ ವಾಷಿಂಗಿಗೆ ಹೋಗದ ಪ್ಯಾಂಟಿನ ಗಂಟುಗಳಿದ್ದವು, ಮೆತ್ತಗಿರುತ್ತವೆಂದು ಅಕ್ಕನನ್ನು ಅವುಗಳ ಮೇಲೆಯೇ ಕೂರಿಸಿದೆವು. ತೊಳೆಯದ ಜೀನ್ಸ್ ಮುಟ್ಟಿದವರಿಗೆಲ್ಲ ಬಣ್ಣ ಹತ್ತಿಸುತ್ತದೆ. ನಮ್ಮ ಯೂನಿಟ್ಟಿನವರ ಕೈಬೆರಳು, ಕತ್ತು, ದಿಂಬಿನ ಬಟ್ಟೆ ಎಲ್ಲವೂ ನೀಲಿಯೇ. ದಿನವೂ ಅದರಲ್ಲೇ ಇರುವ ನಮಗೆ ಅದು ನೆನಪಿಗೂ ಬರಲಿಲ್ಲ. ಅಲ್ಲಿ ಇಳಿದಾಗ ಅಕ್ಕನ ಹಳದಿ ಸೀರೆಯ ಹಿಂಭಾಗವೆಲ್ಲ ನೀಲಿ. ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಮೂಟೆ ಜೊತೆಗೆ ಬಂದ ಸೊಸೆ" ಎಂದು ಯಾರೋ ಅಂದರು. ಆ ಹೆಸರು ಅಕ್ಕನಿಗೆ ಅಲ್ಲಿ ಸ್ವಲ್ಪ ದಿನ ಅಂಟಿಕೊಂಡಿತು. ಅಕ್ಕ ಅದನ್ನು ಫೋನಿನಲ್ಲಿ ನಗುನಗುತ್ತಲೇ ಹೇಳಿದ್ದಳು. ಅಪ್ಪ ನಗಲಿಲ್ಲ. ಅಪ್ಪ ಯೂನಿಟ್ಟಿನ ಕಟಿಂಗ್ ಮಾಸ್ಟರ್, ಬಟ್ಟೆಯ ವಿಷಯದಲ್ಲೇ ತನ್ನ ಮರ್ಯಾದೆ ಹೋಯಿತಲ್ಲ ಎಂಬುದು ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹಾಗಾಗಿ ಅಕ್ಕನಿಗೆ ಏಳು ತಿಂಗಳು ತುಂಬಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ದಿನ ಬಂದಾಗ ಅಪ್ಪ ನೇರವಾಗಿ ಹೋಗಿ ವ್ಯಾಪಾರಿಯ ಮಗನನ್ನು ಕಾರು ಕೇಳಿಬಿಟ್ಟ. ಆ ಹುಡುಗ ಧಾರಾಳಿ, "ಅದಕ್ಕೇನ್ರಿ ಮಾಸ್ಟರ್, ಒಯ್ಯಿರಿ" ಅಂದ. ಅಪ್ಪ ಮನೆಗೆ ಬಂದು ಅಮ್ಮನಿಗೆ, "ಈ ಸರ್ತಿ ಅಕಿ ರಾಣಿಯಂಗ ಬರ್ತಾಳ ನೋಡು" ಅಂದ. ಬಸ್ಸಿನಲ್ಲಿ ಹೋಗಿ ಬರೋಣವೆಂದು ಅಮ್ಮ ಗೊಣಗಿದಳು. ಯಾರು ಕೇಳಬೇಕು?

ಮೊದಲು ಹೊರಡಬೇಕಿದ್ದವರು ಅಪ್ಪ, ಅಮ್ಮ, ಕಾರು ಓಡಿಸಲು ನಾನು. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಕೇಳಿದ್ದೇ ತಡ ತಲೆ ಚಚ್ಚಿಕೊಂಡಳು. ಒಳ್ಳೆಯ ಕೆಲಸಕ್ಕೆ ನಮ್ಮಲ್ಲಿ ಮೂವರು ಹೊರಡುವುದಿಲ್ಲ. ಅನಿವಾರ್ಯವಾದರೆ ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ಅದನ್ನೇ ನಾಲ್ಕನೆಯವರೆಂದು ಲೆಕ್ಕ ಹಿಡಿಯುವವರೂ ಇದ್ದಾರೆ. ಸೋದರತ್ತೆ ಒಪ್ಪಲಿಲ್ಲ. "ಬಸರಿ ಹೆಣಮಗಳನ್ನ ಕರಕೊಂಡು ಬರಾಕ ಕಲ್ಲು ಹೊತಗೊಂಡು ಹೋಗ್ತೀಯೇನೋ ತಮ್ಮಾ? ನಾನ ಬರ್ತೀನಿ" ಅಂದಳು. ಕಾರಿನ ಬಣ್ಣ ಅರಿಶಿನದ್ದು ಎಂಬ ಖುಷಿಯೂ ಅವಳಿಗಿತ್ತು. ಹೀಗೆ ನಾವು ನಾಲ್ವರಾದೆವು. ಹೋಗುವವರ ಸಂಖ್ಯೆ ಸರಿಮಾಡಿಕೊಂಡ ಸಮಾಧಾನದಲ್ಲಿ ನಮ್ಮಲ್ಲಿ ಒಬ್ಬರಿಗೂ ಬೇರೇನೂ ಹೊಳೆಯಲಿಲ್ಲ.

ಆ ಕಾರಿನಲ್ಲಿ ಮುಂದೆ ಎರಡು ಸೀಟು. ಹಿಂದೆ ಸೀಟು ಎನ್ನುವಂಥ ಎರಡು ಗುಳಿ. ಅವು ಮನುಷ್ಯರಿಗಲ್ಲ, ಕೈಚೀಲಕ್ಕೆ ಮಾಡಿದವು. ಮುಂದಿನ ಸೀಟು ಮಡಚಿ ಅಮ್ಮನನ್ನೂ ಸೋದರತ್ತೆಯನ್ನೂ ಹಿಂದೆ ತುರುಕಿದೆವು. ಮಡಿಲಕ್ಕಿಯ ಸಾಮಾನು, ಹಣ್ಣಿನ ಬುಟ್ಟಿ ಅವರ ತೊಡೆಯ ಮೇಲೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಪ್ಪ ನನ್ನ ಪಕ್ಕದಲ್ಲಿ ಕೂತು, ಓಣಿಯವರೆಲ್ಲ ನೋಡಲೆಂದು ಗಾಜು ಪೂರ್ತಿ ಇಳಿಸಿದ. ನೋಡಿದರು. ನನಗೂ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಆ ಉಬ್ಬು ರಾಯದುರ್ಗದ ಹೊರಗಿನ ಮೊದಲ ಹಂಪ್‌ನಲ್ಲಿ ಇಳಿಯಿತು. ಖಾಲಿ ಕಾರು ಓಡಿಸಿ ಅಭ್ಯಾಸವಿದ್ದ ನಾನು ನಾಲ್ಕು ಜನರ ಭಾರಕ್ಕೆ ಅದು ಎಷ್ಟು ತಗ್ಗುತ್ತದೆಂದು ಯೋಚಿಸಿಯೇ ಇರಲಿಲ್ಲ. ಕಾರಿನ ಹೊಟ್ಟೆ ಉಜ್ಜಿದ ಸದ್ದಿಗೆ ಹಿಂದೆ ಸೋದರತ್ತೆ ದೇವರ ಹೆಸರು ಕೂಗಿದಳು. ಬೇರೆಯವರ ಕಾರು, ಕೆಳಗೇನಾದರೂ ಹರಿದರೆ ಗತಿಯೇನು? ಅಪ್ಪ ಇಳಿದು, ಬಗ್ಗಿ ನೋಡಿ, ತೀರ್ಮಾನ ಹೇಳಿದ. "ಹಂಪ್ ಬಂದಾಗ ಎಲ್ಲಾರೂ ಇಳೀರಿ. ದಾಟಿದ ಮ್ಯಾಲ ಹತ್ತಿದ್ರಾತು."

ಹೇಳುವುದು ಸುಲಭ. ನಮ್ಮ ಕಡೆ ಪ್ರತಿ ಊರಿನ ಮುಂದೆ ಒಂದು, ಶಾಲೆಯ ಮುಂದೆ ಒಂದು, ಗುಡಿಯ ಮುಂದೆ ಒಂದು ಹಂಪ್ ಇರುತ್ತದೆ. ಯಾವನೋ ದೊಡ್ಡ ಮನುಷ್ಯನ ಮನೆಯ ಮುಂದೆ ಸುಮ್ಮನೆ ಒಂದು. ಪ್ರತಿ ಸಲವೂ ಅಪ್ಪ ಇಳಿದು, ಸೀಟು ಮಡಚಿ, ಮೊದಲು ಹಣ್ಣಿನ ಬುಟ್ಟಿ, ಆಮೇಲೆ ಅಮ್ಮ, ಆಮೇಲೆ ಸೋದರತ್ತೆಯನ್ನು ಕೈಹಿಡಿದು ಎಳೆಯಬೇಕು. ಸೋದರತ್ತೆ ಹೊರಬರುವಾಗ ಮೊದಲು ಕಾಲು ಬರಬೇಕೋ ತಲೆ ಬರಬೇಕೋ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ರೇಷ್ಮೆ ಸೀರೆಯುಟ್ಟ ಇಬ್ಬರು ಹೆಂಗಸರು ಬುಟ್ಟಿ ಹಿಡಿದು ಹಂಪ್ ಮೇಲೆ ನಡೆದು ಬರುವುದು, ಅವರ ಹಿಂದೆ ನಾನು ಖಾಲಿ ಕಾರನ್ನು ಓರೆಯಾಗಿ ಹತ್ತಿಸಿ ಇಳಿಸುವುದು. ಕಲ್ಯಾಣದುರ್ಗದಲ್ಲಿ ಟೀ ಅಂಗಡಿಯ ಮುಂದೆ ಜನ ಲೋಟ ಹಿಡಿದು ಎದ್ದು ನಿಂತರು. "ಏಮನ್ನಾ, ತೋಯಾಲಾ?" ಎಂದು ಒಬ್ಬ ತೆಲುಗಿನಲ್ಲಿ ಕೇಳಿದ, ತಳ್ಳಬೇಕಾ ಅಂತ. ಅವನು ನಿಜವಾಗಿಯೂ ಸಹಾಯ ಮಾಡಲೆಂದೇ ಕೇಳಿದ್ದು. ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಅಪ್ಪ ಯಾರ ಮುಖವನ್ನೂ ನೋಡದೆ ಬುಟ್ಟಿ ಎತ್ತಿಕೊಂಡು ಸರಸರ ನಡೆದ.

ನಡುವೆ ಕರ್ನಾಟಕದ ಪಾವಗಡವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ಬಂದು, ಮಡಕಶಿರಾ ದಾಟುವ ಹೊತ್ತಿಗೆ ಎಲ್ಲರಿಗೂ ಅದು ರೂಢಿಯಾಗಿತ್ತು. ಹಂಪ್ ಕಂಡರೆ ನಾನು ಬ್ರೇಕ್ ಒತ್ತುವ ಮೊದಲೇ ಅಪ್ಪನ ಕೈ ಬಾಗಿಲಿಗೆ ಹೋಗುತ್ತಿತ್ತು. ಆದರೆ ಅಕ್ಕನ ಊರು ಹತ್ತಿರವಾದಾಗ ಅವನು ಕನ್ನಡಿ ತಿರುಗಿಸಿ ತಲೆ ಬಾಚಿಕೊಂಡ. "ಊರ ಮುಂದಿನ ಹಂಪಿಗೆ ಇಳಿಯೋದು ಬ್ಯಾಡ. ಉಜ್ಜಿದ್ರ ಉಜ್ಜಲಿ" ಅಂದ. ಉಜ್ಜಿತು. ಅಪ್ಪ ಹಲ್ಲು ಕಚ್ಚಿಕೊಂಡು ನಗುತ್ತ ಕೂತ.

ಅವನು ಬಯಸಿದ್ದು ಅವನಿಗೆ ಸಿಕ್ಕಿತು, ಸ್ವಲ್ಪ ಹೊತ್ತು. ಬೀದಿಯವರೆಲ್ಲ ಬಂದು ಕಾರು ಸುತ್ತಿದರು. ಅಕ್ಕ ಹೊಸ ಸೀರೆಯುಟ್ಟು, ಹೂ ಮುಡಿದು, ಚೀಲ ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದಳು. ಬೆಳಗಿನಿಂದಲೂ ಹಾಗೇ ಕೂತಿದ್ದಾಳೆಂದು ಯಾರೋ ಹೇಳಿದರು. ಕಾರು ನೋಡಿ ಅವಳ ಮುಖ ಅರಳಿತು. ಅಪ್ಪ ನನ್ನ ಕಡೆ ನೋಡಿದ ನೋಟ, ಆಹಾ, ಮದುವೆ ದಿನದ ನೀಲಿಯೆಲ್ಲ ತೊಳೆದುಹೋಯಿತು ಎನ್ನುವಂತಿತ್ತು. ಅಕ್ಕನ ಮಾವ, ನಮ್ಮ ಬೀಗರು, ಮಾತು ಕಡಿಮೆಯ ರೈತ. ಅವರು ಕಾರನ್ನು ಸುತ್ತು ಹಾಕಿ, ಬಗ್ಗಿ ಒಳಗೆ ಇಣುಕಿದರು.

"ಚೆನ್ನಾಗೈತೆ ಬೀಗ್ರೆ" ಅಂದರು. ಮತ್ತೆ ಇನ್ನೊಮ್ಮೆ ಇಣುಕಿ, "ಅಲ್ಲಾ, ನೀವು ನಾಲ್ಕು ಜನ ಬಂದಿದೀರ. ನಮ್ಮುಡುಗಿ ಎಲ್ಲಿ ಕೂತ್ಕಂತಾಳೆ?"

ಅದರಲ್ಲಿ ಕೊಂಕಿರಲಿಲ್ಲ. ಹೊಲಕ್ಕೆ ಹೊರಟವರು ಬುತ್ತಿ ಎಲ್ಲಿ ಎಂದು ಕೇಳುವ ಹಾಗೆ ಕೇಳಿದರು. ಅಪ್ಪನೂ ಬಗ್ಗಿ ಒಳಗೆ ಇಣುಕಿದ. ಅಮ್ಮ ಸೋದರತ್ತೆಯನ್ನು ನೋಡಿದಳು, ಸೋದರತ್ತೆ ನನ್ನನ್ನು ನೋಡಿದಳು. ಒಂದು ಪ್ಯಾಂಟಿನ ಬಟ್ಟೆಯಲ್ಲಿ ಬೆರಳಗಲ ಪೋಲಾದರೂ ಹುಡುಗರ ಮೇಲೆ ಹರಿಹಾಯುತ್ತಿದ್ದ ನನ್ನಪ್ಪ, ಮಗಳನ್ನು ಕರೆತರಲು ಹೋಗಿ ಮಗಳಿಗೇ ಜಾಗ ಬಿಟ್ಟಿರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು ಬಸ್ಸಿಗೆ ಬರ್ತೀನ್ರಿ, ಅಕಿ ಮುಂದ ಕುಂದರ್ತಾಳ" ಎಂದು ಅಪ್ಪ ಕೊನೆಗೂ ಅಂದ. ಊಟದ ಹೊತ್ತಿನಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಮೊದಲಿಂದಲೂ ಅದೇ ಯೋಚನೆಯಿತ್ತು ಎಂಬಂತೆ. ಬೀಗರು ತಲೆಯಾಡಿಸುತ್ತ ಅವನ ಎಲೆಗೆ ತುಪ್ಪ ಬಡಿಸಿದರು.

ಬೀಗಿತ್ತಿಗೆ ಸಮಾಧಾನವಿರಲಿಲ್ಲ. "ಅಷ್ಟು ತಗ್ಗಿನಾಗೆ ಬಸುರಿ ಎಂಗಮ್ಮ ಕೂತ್ಕಳದು?" ಎಂದರು. ಅದಕ್ಕೆ ಉತ್ತರ ಕೊಟ್ಟವಳು ಅಕ್ಕ. "ಕೂತ್ಕತೀನಿ ಅತ್ತೆ, ಏನೂ ಆಗಲ್ಲ" ಎಂದಳು, ಅಪ್ಪನ ಮುಖ ನೋಡುತ್ತಲೇ. ಮಡಿಲು ತುಂಬಿಸಿಕೊಂಡು, ಹಿರಿಯರಿಗೆ ನಮಸ್ಕರಿಸಿ, ಒಂದು ಕೈ ಬಾಗಿಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಕೆಳಗೆ ಕೆಳಗೆ ಇಳಿದು ಆ ಸೀಟಿನಲ್ಲಿ ಕೂತಳು. ಮೊಣಕಾಲು ಹೊಟ್ಟೆಗೆ ಒತ್ತುತ್ತಿತ್ತು. ಹಣೆಯಲ್ಲಿ ಬೆವರು. "ಆರಾಮ ಅದೀನಪ್ಪಾ" ಎಂದು ತವರಿನ ಮಾತಿನಲ್ಲಿ ಅಂದಳು.

ಅಮ್ಮ, ಸೋದರತ್ತೆ ಆಗಲೇ ಹಿಂದೆ ತುರುಕಿಕೊಂಡಿದ್ದರು. ನಾನು ಕಾರು ಬಿಟ್ಟೆ. ಬೀದಿ ತಿರುಗಿ ಊರ ಮುಂದಿನ ಹಂಪಿಗೆ ಬಂದಾಗ, ಬರುವಾಗಿನ ಹಾಗೆ ಉಜ್ಜಿಕೊಂಡು ಹೋಗಲೆಂದು ಎಷ್ಟು ಮೆಲ್ಲಗೆ ಹತ್ತಿಸಿದರೂ ಕೆಳಗಿನಿಂದ ಒಂದು ಏಟು ಬಿತ್ತು. ಅಕ್ಕ "ಅವ್ವಾ" ಎಂದು ಹೊಟ್ಟೆ ಹಿಡಿದುಕೊಂಡಳು. ನಮ್ಮನ್ನು ಬೀಳ್ಕೊಡಲು ಹಿಂದೆಯೇ ನಡೆದು ಬರುತ್ತಿದ್ದವರೆಲ್ಲ ಓಡಿ ಬಂದರು. ಇಳಿಯಮ್ಮ ಅಂದರೆ ಅವಳಿಗೆ ಇಳಿಯಲು ಆಗುತ್ತಿಲ್ಲ. ಬೀಗಿತ್ತಿ ಒಂದು ತೋಳು, ಅಮ್ಮ ಹಿಂದಿನಿಂದ ಬೆನ್ನು, ಅಪ್ಪ ಇನ್ನೊಂದು ತೋಳು ಹಿಡಿದು, ಬಾವಿಯಿಂದ ಎತ್ತುವ ಹಾಗೆ ಅವಳನ್ನು ಎತ್ತಿದರು. ಹೂ ಉದುರಿತು, ಮಡಿಲಿನ ಅಕ್ಕಿ ರಸ್ತೆಗೆ ಚೆಲ್ಲಿತು. ಊರೆಲ್ಲ ನೋಡುತ್ತಿತ್ತು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

"ಏನೂ ಆಗಿಲ್ಲ, ಗಾಬರಿ ಆತು ಅಷ್ಟ" ಎಂದು ಅಕ್ಕನೇ ಎಲ್ಲರಿಗೂ ಸಮಾಧಾನ ಹೇಳಿದಳು.

ಬೀಗಿತ್ತಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸಿದರು. ಆಮೇಲೆ ಅಪ್ಪನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಮೆಲ್ಲಗೆ ಅಂದರು: "ಅಣ್ಣಾ, ಮದ್ವೆಲಿ ನಮ್ಮೆಂಗಸ್ರು ಏನೋ ನಗಾಡಿದ್ರು ಅಂತ ನೀವು ಇದನ್ನ ತಂದ್ರೇನೋ. ನಾವ್ ಅದನ್ನ ಯಾವತ್ತೋ ಮರ್ತಿದೀವಿ ಕಣಣ್ಣ."

ಅಪ್ಪ "ಹೌದ್ರಿ, ಹೌದ್ರಿ" ಎಂದ.

ಅಷ್ಟರಲ್ಲಿ ಅಕ್ಕನ ಗಂಡ, ನಮ್ಮ ಭಾವ, ಮನೆಯ ಗೂಡ್ಸ್ ಗಾಡಿ ತಂದು ನಿಲ್ಲಿಸಿದ್ದ. ಹಿಂದೂಪುರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಒಯ್ಯುವ ಗಾಡಿ. ಮುಂದೆ ಅವನ ಪಕ್ಕ ಅಕ್ಕ, ಅವಳಿಗೆ ಒತ್ತಿಕೊಂಡು ಅಮ್ಮ. ಹಿಂದೆ ಕೌದಿ ಹಾಸಿದರು. ಸೋದರತ್ತೆ ಕಾರಿನ ಕಡೆ ತಿರುಗಿಯೂ ನೋಡದೆ, "ಇಲ್ಲಾದ್ರ ಕಾಲಾರ ಚಾಚಬಹುದು" ಎಂದು ಹತ್ತಿ ಮಲಗಿಯೇ ಬಿಟ್ಟಳು. ನನ್ನ ಪಕ್ಕದ ಸೀಟು ಖಾಲಿಯಿತ್ತು. "ಬಾ ಅಪ್ಪಾ" ಅಂದೆ. ಅವನು ಬರಲಿಲ್ಲ. ಬಿಳಿ ಅಂಗಿಯ ತೋಳು ಮಡಚಿಕೊಂಡು ಗಾಡಿಯ ಹಿಂಬದಿಗೆ ಹತ್ತಿ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕೂತ. ಅಲ್ಲಿಗೆ ಮೂಟೆ ಜೊತೆಗೆ ಹೋಗಿದ್ದ ಮಗಳು ಗೂಡಿನ ಗಾಡಿಯಲ್ಲಿ ತವರಿಗೆ ಹೊರಟಳು, ಹಿಂದೆ ಅರಿಶಿನದ ಬಣ್ಣದ ಕಾರು.

ಮಡಕಶಿರಾದಿಂದ ರಾಯದುರ್ಗದವರೆಗೆ ನಾನು ಆ ಗಾಡಿಯ ಹಿಂದೆಯೇ ಓಡಿಸಿದೆ. ಅಪ್ಪ ನನ್ನ ಕಡೆಗೇ ಮುಖ ಮಾಡಿ ಕೂತಿದ್ದ, ನನ್ನನ್ನು ಮಾತ್ರ ನೋಡಲಿಲ್ಲ. ನನಗಾದರೂ ಅವನನ್ನು ಬಿಟ್ಟರೆ ಬೇರೆ ನೋಡಲು ಏನಿತ್ತು? ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಅವನಿಗಾಗಿ ನಾಚಿಕೆಯಾಗಿತ್ತು, ಹಾಗೆ ನಾಚಿಕೆಯಾಗುತ್ತಿದೆಯಲ್ಲ ಎಂದು ಇನ್ನಷ್ಟು ನಾಚಿಕೆಯಾಗಿತ್ತು. ಒಬ್ಬನೇ ಇದ್ದುದರಿಂದ ಕಾರು ಹಗುರವಾಗಿ ಹಂಪ್‌ಗಳನ್ನೆಲ್ಲ ಸದ್ದಿಲ್ಲದೆ ದಾಟುತ್ತಿತ್ತು.

ಕಲ್ಯಾಣದುರ್ಗದಲ್ಲಿ ಅದೇ ಟೀ ಅಂಗಡಿ ಬಂತು, ಅದೇ ಹಂಪ್. ಗೂಡ್ಸ್ ಗಾಡಿ ನಿಧಾನವಾಯಿತು. ಹೊಯ್ದಾಟ ಗೊತ್ತಾಗಿದ್ದೇ ತಡ, ಅಪ್ಪ ಗಾಡಿಯ ಸರಳು ಹಿಡಿದು ಎದ್ದು, ಒಂದು ಕಾಲು ಹೊರಗೆ ಹಾಕಿದ, ಇಳಿಯಲು. ಆಮೇಲೆ ತಾನು ಎಲ್ಲಿದ್ದೇನೆಂಬುದು ನೆನಪಾಗಿ ಕಾಲು ಒಳಗೆಳೆದುಕೊಂಡು ಕೂತ. ಆಗ ಒಮ್ಮೆ ನನ್ನ ಮುಖ ನೋಡಿದ, ಯಾರಾದರೂ ನೋಡಿಬಿಟ್ಟರೇ ಎಂದು ಕೇಳುವವನಂತೆ. ನಾನು ಗೇರ್ ಹುಡುಕುವವನ ಹಾಗೆ ತಲೆ ಬಗ್ಗಿಸಿದೆ.